ಒಂಬತ್ತೂವರೆ ಕಿಲೊ ಉಕ್ಕು ಹಿಡಿಯುವ ಪುಟ್ಟ ಅಂಚೆ ಪೆಟ್ಟಿಗೆ

ಅಮೆರಿಕದಲ್ಲಿ ಮನೆಯ ಗ್ಯಾರೇಜಿನಲ್ಲಿ ಲೋಹವನ್ನು ತಿರುಗಿಸಿ ಕೊಯ್ಯುವ ಲೇತ್ ಯಂತ್ರ ಇಟ್ಟುಕೊಂಡು ಹವ್ಯಾಸಕ್ಕಾಗಿ ಲೋಹದ ಕೆಲಸ ಮಾಡುವವರು ಅಂಚೆಯ ಮೂಲಕ ಸಾಮಾನು ಬದಲಾಯಿಸಿಕೊಳ್ಳುವುದು ಮಾಮೂಲಿ ಸಂಗತಿ. ಇದನ್ನು ಸುಲಭ ಮಾಡಿಕೊಟ್ಟಿದ್ದು ಇಲ್ಲಿನ ಅಂಚೆ ಇಲಾಖೆ 2004ರಲ್ಲಿ ಆರಂಭಿಸಿದ ಫ್ಲ್ಯಾಟ್ ರೇಟ್ ಪೆಟ್ಟಿಗೆ. ಅಂಚೆ ಕಚೇರಿಯಲ್ಲಿ ಪುಕ್ಕಟೆಯಾಗಿ ಸಿಗುವ ಈ ರಟ್ಟಿನ ಪೆಟ್ಟಿಗೆಗೆ ಗಾತ್ರದ ಮೇಲೆ ದರ, ತೂಕದ ಮೇಲಲ್ಲ. ದೇಶದೊಳಗಿನ ರವಾನೆಯಲ್ಲಿ ತೂಕ 70 ಪೌಂಡ್, ಅಂದರೆ ಸುಮಾರು 32 ಕಿಲೊ ಮೀರದಿದ್ದರೆ ಒಳಗೆ ಏನಿದ್ದರೂ ಒಂದೇ ಹಣ. ಎಲ್ಲಕ್ಕಿಂತ ಚಿಕ್ಕ ಪೆಟ್ಟಿಗೆಯ ಒಳ ಅಳತೆ ಸುಮಾರು 8.6, 5.4 ಮತ್ತು 1.6 ಇಂಚು. ಅದನ್ನು ಸಂದಿಲ್ಲದಂತೆ ಉಕ್ಕಿನಿಂದ ತುಂಬಿದರೂ ಸುಮಾರು ಒಂಬತ್ತೂವರೆ ಕಿಲೊ ಮಾತ್ರ ಆಗುವುದರಿಂದ, ಚಿಕ್ಕ ಪೆಟ್ಟಿಗೆಯಲ್ಲಿ ತೂಕದ ಮಿತಿಯ ಯೋಚನೆಯೇ ಬೇಡ. ಮಧ್ಯಮ ಗಾತ್ರದ್ದಕ್ಕೆ ಮಾತ್ರ ತಕ್ಕಡಿ ನೋಡಬೇಕು, ಏಕೆಂದರೆ ಅದು ಅರ್ಧ ತುಂಬುವಷ್ಟರಲ್ಲಿಯೇ ಮಿತಿ ಮುಟ್ಟುತ್ತದೆ.

ನಾನಿರುವ ಮಿಷಿಗನ್ ರಾಜ್ಯದಲ್ಲಿ ಕಾರು ತಯಾರಿಕೆಗೆ ಬಿಡಿಭಾಗ, ಲೋಹಕ್ಕೆ ಆಕಾರ ಕೊಡುವ ಡೈ ಮತ್ತು ಕೆಲಸದ ತುಂಡನ್ನು ಹಿಡಿದಿಡುವ ಫಿಕ್ಸ್ಚರ್ ಮಾಡಿಕೊಡುತ್ತಿದ್ದ ಸಣ್ಣ ಕಾರ್ಖಾನೆಗಳು ಬಹಳ ಇದ್ದವು. ಅವುಗಳಲ್ಲಿ ಅನೇಕವು ಮುಚ್ಚಿವೆ. ಇಂಥ ಉಪಕರಣಗಳನ್ನು ಮಾಡುತ್ತಿದ್ದ ನಿವೃತ್ತ ಟೂಲ್‌ಮೇಕರ್‌ಗಳು ತೀರಿಕೊಂಡ ಮೇಲೆ ಅವರ ಮನೆಯವರು ಡ್ರಾಯರುಗಳ ಸಮೇತ ಉಪಕರಣಗಳ ಪೆಟ್ಟಿಗೆಯನ್ನೇ ಮಾರಿಬಿಡುತ್ತಾರೆ. ಹಾಗಾಗಿ ಇಲ್ಲಿ ರಂಧ್ರದೊಳಗೆ ತಿರುಪಿನ ಎಳೆ (ಥ್ರೆಡ್) ಕೊಯ್ಯುವ ಟ್ಯಾಪ್, ರಂಧ್ರವನ್ನು ನಯ ಮಾಡುವ ರೀಮರ್, ಸೂಕ್ಷ್ಮ ಅಳತೆಯ ಮೈಕ್ರೊಮೀಟರ್‌ಗಳಿಗೆ ಬರವಿಲ್ಲ. ದೂರದ ಊರುಗಳಲ್ಲಿರುವ ಹವ್ಯಾಸಿಗಳಿಗೆ ಅವು ಸಿಗುವುದಿಲ್ಲ, ಆದರೆ ನನ್ನ ಬಳಿ ಇಲ್ಲದ ಇನ್ನೇನೋ ಅವರ ಬಳಿ ಇರುತ್ತದೆ.

ನನ್ನದು ಸೌತ್ ಬೆಂಡ್ ಕಂಪನಿಯ 9 ಇಂಚಿನ ಹಳೆಯ ಲೇತ್. ಅದರ ಲೀಡ್ ಸ್ಕ್ರೂ (ಟೂಲನ್ನು ಸಾಗಿಸುವ ಉದ್ದನೆಯ ತಿರುಪು) ಇಂಚಿಗೆ 8 ಥ್ರೆಡ್‌ನದು, ಅಂದರೆ ಪಿಚ್, ಎರಡು ಥ್ರೆಡ್ ನಡುವಿನ ದೂರ, 3.175 ಮಿಲಿಮೀಟರ್. ಅದರಲ್ಲಿ 1 ಮಿಲಿಮೀಟರ್ ಪಿಚ್‌ನ ಥ್ರೆಡ್ ಕೊಯ್ಯಬೇಕಾದರೆ ಕೆಲಸದ ತುಂಡನ್ನು ತಿರುಗಿಸುವ ಸ್ಪಿಂಡಲ್ ಒಂದು ಸುತ್ತು ಸುತ್ತುವಾಗ ಲೀಡ್ ಸ್ಕ್ರೂ 127ರಲ್ಲಿ 40 ಭಾಗದಷ್ಟು ಮಾತ್ರ ತಿರುಗಬೇಕು. ಇಂಚೆಂದರೆ 25.4 ಮಿಲಿಮೀಟರ್, ಅದನ್ನು ಐದರಿಂದ ಗುಣಿಸಿದರೆ 127. ಅದು ಅವಿಭಾಜ್ಯ ಸಂಖ್ಯೆಯಾದ್ದರಿಂದ 127 ಹಲ್ಲಿನ ಗೇರ್ ಇಲ್ಲದೆ ಬೇರೆ ಗೇರುಗಳನ್ನು ಹೇಗೆ ಜೋಡಿಸಿದರೂ ಲೆಕ್ಕ ಹತ್ತಿರಕ್ಕೆ ಬರುತ್ತದೆಯೇ ಹೊರತು ಕರಾರುವಾಕ್ಕಾಗಿ ಕೂರುವುದಿಲ್ಲ. ಓಹಾಯೊದ ಹಿರಿಯರೊಬ್ಬರ ಬಳಿ 127 ಹಲ್ಲಿನ ಗೇರ್ ಒಂದು ಹೆಚ್ಚುವರಿಯಾಗಿತ್ತು. ಅವರಿಗೆ ಸಣ್ಣ ಅಳತೆಯ ಟ್ಯಾಪ್‌ಗಳು ಮತ್ತು 12ಎಲ್14 ಎಂಬ ದರ್ಜೆಯ ಉಕ್ಕಿನ ತುಂಡುಗಳು ಬೇಕಿದ್ದವು. ಅವರು ಗೇರ್ ಜೊತೆ ಒಂದು ಚೀಟಿಯನ್ನೂ ಇಟ್ಟಿದ್ದರು: ಇಂಚಿನ ಲೀಡ್ ಸ್ಕ್ರೂನಲ್ಲಿ ಮೆಟ್ರಿಕ್ ಥ್ರೆಡ್ ಕೊಯ್ಯುವಾಗ ಕೆಲಸ ಮುಗಿಯುವ ತನಕ ಹಾಫ್ ನಟ್ (ಟೂಲನ್ನು ಲೀಡ್ ಸ್ಕ್ರೂಗೆ ಹಿಡಿಸುವ ನಟ್) ಬಿಡಬಾರದು, ಟೂಲ್ ಹಿಂದಕ್ಕೆ ಎಳೆದು ಮೋಟಾರನ್ನೇ ಹಿಮ್ಮುಖ ಮಾಡಬೇಕು, ತುಂಡನ್ನು ಹಿಡಿಯುವ ಚಕ್ ಸ್ಪಿಂಡಲಿನ ಥ್ರೆಡ್ ಮೇಲೆ ಕೂತಿರುವ ಲೇತ್ ಇದಾದ್ದರಿಂದ ನಿಧಾನ ವೇಗದಲ್ಲಿಯೇ ಹಿಂದಕ್ಕೆ ತರಬೇಕು, ಇಲ್ಲವಾದರೆ ಚಕ್ ಕಳಚಿಕೊಳ್ಳುತ್ತದೆ. ಗೇರಿನಷ್ಟೇ ಬೆಲೆ ನಾನು ಆ ಚೀಟಿಗೂ ಕೊಡುತ್ತೇನೆ.

ಬರೆದು ಕಳಿಸುವ ಈ ಅಭ್ಯಾಸವೇ ಇಂಥ ವಿನಿಮಯದ ಜೀವಾಳ ಎಂಬುದು ನನ್ನ ದೃಢ ಅಭಿಪ್ರಾಯ. ಗುರುತಿಲ್ಲದ ಲೋಹದ ತುಂಡು ಪಡೆದವನಿಗೆ ಉಪಕಾರಕ್ಕಿಂತ ತೊಂದರೆಯೇ ಹೆಚ್ಚು. 1018, 12ಎಲ್14, 4140 ಮತ್ತು ಒ1 ಎಂಬ ನಾಲ್ಕು ಬಗೆಯ ಉಕ್ಕಿನ ಸರಳುಗಳನ್ನು ಸಾಣೆ ಹಿಡಿದು ಪಕ್ಕಪಕ್ಕದಲ್ಲಿಟ್ಟರೆ ಕಣ್ಣಿಗೆ ನಾಲ್ಕೂ ಒಂದೇ. ಆದರೆ 12ಎಲ್14ರಲ್ಲಿ ಸೀಸ ಬೆರೆತಿರುವುದರಿಂದ ಅದು ಲೇತಿನಲ್ಲಿ ಸಲೀಸಾಗಿ ಕೊಯ್ಯುತ್ತದೆ, ಹೊಳಪೂ ಬರುತ್ತದೆ; ಅದೇ ಕಾರಣಕ್ಕೆ ಅದನ್ನು ವೆಲ್ಡಿಂಗ್ ಮಾಡಬಾರದು, ಬೆಸುಗೆ ಬಿರುಕು ಬಿಡುತ್ತದೆ, ಹೊಗೆಯೂ ಕೆಟ್ಟದ್ದು. 1018 ವೆಲ್ಡಿಂಗಿಗೆ ಒಳ್ಳೆಯದಾದರೂ ಲೇತಿನ ಟೂಲ್ ಅಡಿಯಲ್ಲಿ ಹರಿದುಹರಿದು ಬರುತ್ತದೆ. ಒ1ರಿಂದ ಪಂಚ್ ಮಾಡಿ, ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಅರ ಜಾರುವಷ್ಟು ಗಟ್ಟಿಯಾಗುತ್ತದೆ. 1018ರಲ್ಲಿ ಇಂಗಾಲ ಸಾಲದ್ದರಿಂದ ಅದನ್ನು ಎಷ್ಟು ಬಾರಿ ಅದ್ದಿದರೂ ಹಾಗಾಗದು. ಸಾಣೆಕಲ್ಲಿನ ಕಿಡಿ ನೋಡಿ ಇಂಗಾಲದ ಪ್ರಮಾಣವನ್ನು ಅಂದಾಜು ಮಾಡಬಹುದು, ಸೀಸವನ್ನಲ್ಲ. ಆದ್ದರಿಂದ ಪ್ರತಿ ತುಂಡಿನ ತುದಿಯ ಮೇಲೆ ಅಕ್ಷರದ ಪಂಚಿನಿಂದಲೋ ಅಳಿಸಿಹೋಗದ ಪೆನ್ನಿನಿಂದಲೋ ದರ್ಜೆಯನ್ನು ಬರೆಯಬೇಕು, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಬರೆಯಬೇಕು. ಸರಳನ್ನು ಕತ್ತರಿಸುವಾಗ ಗುರುತು ಇರುವ ತುದಿಯನ್ನು ಕೊನೆಗೆ ಉಳಿಸಿಕೊಳ್ಳುವುದು ಕಾರ್ಖಾನೆಯವರ ಕ್ರಮ. ಕಳಿಸುವವರೂ ಅದನ್ನೇ ಪಾಲಿಸಿದರೆ ಒಳ್ಳೆಯದು.

ಇನ್ನು ಕಟ್ಟುವ ಕೆಲಸ. ಪೆಟ್ಟಿಗೆಯೊಳಗೆ ಸಡಿಲವಾಗಿ ಬಿದ್ದ ದುಂಡು ಸರಳು ದಾರಿಯುದ್ದಕ್ಕೂ ಸುತ್ತಿಗೆಯಂತೆ ರಟ್ಟಿಗೆ ಬಡಿಯುತ್ತ ಹೋಗಿ ಕೊನೆಗೆ ಮೂಲೆ ಒಡೆದು ಹೊರಬರುತ್ತದೆ. ಥರ್ಮೊಕೋಲ್, ಗಾಳಿಗುಳ್ಳೆಯ ಪ್ಲಾಸ್ಟಿಕ್ ಇಂಥ ತೂಕವನ್ನು ತಡೆಯುವುದಿಲ್ಲ. ತೆಳು ಪ್ಲೈವುಡ್ಡನ್ನು ಗೋಡೆಗಳಿಗೆ ಒರಗಿಸಿ, ಸರಳುಗಳನ್ನು ಒಂದೇ ಕಟ್ಟಾಗಿ ಬಿಗಿದು, ಉಳಿದ ಜಾಗಕ್ಕೆ ಮರದ ತುಂಡುಗಳನ್ನು ಒತ್ತಿ ಕೂರಿಸಬೇಕು. ಮಿಲ್ಲಿಂಗ್ ಯಂತ್ರದ ಹರಿತ ಟೂಲ್‌ಗಳಾದ ಎಂಡ್ ಮಿಲ್‌ಗಳು ಒಂದಕ್ಕೊಂದು ತಾಗಿದರೆ ಅಂಚು ಮುಕ್ಕಾಗುತ್ತದೆ, ಅವಕ್ಕೆ ಬೇರೆಬೇರೆ ಪ್ಲಾಸ್ಟಿಕ್ ಕೊಳವೆ ಬೇಕು. ಬೀಡು ಕಬ್ಬಿಣದ ಹ್ಯಾಂಡ್ ವೀಲ್ ಪೆಟ್ಟು ತಡೆಯುವುದಿಲ್ಲವಾದ್ದರಿಂದ ಅದನ್ನು ಭಾರದ ಸರಳುಗಳ ಜೊತೆ ಎಂದೂ ಇಡಬಾರದು. ಮೈಕ್ರೊಮೀಟರಿನ ಎರಡು ಮುಖಗಳನ್ನು ತುಸು ಅಗಲಿಸಿಯೇ ಡಬ್ಬಿಯಲ್ಲಿಡಬೇಕು. ಸಾಣೆ ಹಿಡಿದ ಉಕ್ಕಿಗೆಲ್ಲ ಎಣ್ಣೆ ಸವರಿ, ತುಕ್ಕು ತಡೆಯುವ ಕಾಗದ ಸುತ್ತುವುದನ್ನು ಬೇಸಿಗೆಯಲ್ಲೂ ಬಿಡಬಾರದು. ಸ್ಪ್ರೇ ಡಬ್ಬಿಗಳನ್ನು ಈ ಪೆಟ್ಟಿಗೆಯಲ್ಲಿ ಹಾಕಲೇಬಾರದು.

ಕೆಲವು ಗುಂಪುಗಳಲ್ಲಿ ಒಂದೇ ಪೆಟ್ಟಿಗೆ ಮನೆಯಿಂದ ಮನೆಗೆ ಸುತ್ತುತ್ತದೆ: ಬೇಕಾದ್ದನ್ನು ತೆಗೆದುಕೊಂಡು, ಅದಕ್ಕೆ ಸಮನಾದದ್ದನ್ನು ಇಟ್ಟು ಮುಂದಿನವರಿಗೆ ಕಳಿಸಬೇಕು. ಪೆಟ್ಟಿಗೆ ತೆರೆಯುವ ಕುತೂಹಲವೇನೋ ಸೊಗಸು, ಆದರೆ ಸುತ್ತು ಮುಂದುವರಿದಂತೆ ಒಳ್ಳೆಯದು ಮೊದಲು ಖಾಲಿಯಾಗಿ ಮೊಂಡಾದ ಡ್ರಿಲ್ ಬಿಟ್‌ಗಳು ಉಳಿಯುತ್ತವೆ. ಇಬ್ಬರ ನಡುವಿನ ನೇರ ವಿನಿಮಯವೇ ನನಗೆ ಹೆಚ್ಚು ಇಷ್ಟ, ಏಕೆಂದರೆ ಆಗ ಎದುರಿನವರ ಯಂತ್ರ ಯಾವುದು, ಅವರು ಏನು ಕಟ್ಟುತ್ತಿದ್ದಾರೆ ಎಂಬುದು ತಿಳಿದಿರುತ್ತದೆ.

ಬೆಂಗಳೂರಿನ ಗೆಳೆಯರು ಅಲ್ಲೂ ಇದು ಸಾಧ್ಯವೇ ಎಂದು ಕೇಳುತ್ತಾರೆ. ಭಾರತದ ಅಂಚೆಯಲ್ಲಿ ಪಾರ್ಸೆಲ್ ದರ ತೂಕಕ್ಕೆ ತಕ್ಕಂತೆ ಏರುವುದರಿಂದ ಉಕ್ಕಿನ ತುಂಡುಗಳನ್ನು ಕಳಿಸುವುದು ದುಬಾರಿಯಾಗುತ್ತದೆ. ಪೀಣ್ಯದಂಥ ಕೈಗಾರಿಕಾ ಪ್ರದೇಶ ಪಕ್ಕದಲ್ಲೇ ಇರುವಾಗ ಅದರ ಅಗತ್ಯವೂ ಇಲ್ಲ. ಟ್ಯಾಪ್, ರೀಮರ್, ಟೂಲಿನ ತುದಿಗೆ ಸಿಕ್ಕಿಸುವ ಕಾರ್ಬೈಡ್ ಇನ್ಸರ್ಟ್‌ಗಳಂಥ ಹಗುರ ವಸ್ತುಗಳಿಂದ ಆರಂಭಿಸಿದರೆ ಅಲ್ಲೂ ನಡೆದೀತು.

ಸದ್ಯ ನಾನು ಪೆನ್ಸಿಲ್ವೇನಿಯಾದ ಒಬ್ಬರಿಗಾಗಿ ಪೆಟ್ಟಿಗೆ ಕಟ್ಟುತ್ತಿದ್ದೇನೆ. ಅವರು ಸಣ್ಣ ಉಗಿ ಎಂಜಿನ್ ಕಟ್ಟುತ್ತಿದ್ದು ತಿರುಗುವ ದಂಡಕ್ಕೆ ಆಸರೆಯಾಗುವ ಬುಷ್‌ಗಳಿಗೆ 660 ದರ್ಜೆಯ ಕಂಚು, ಕವಾಟದ ಭಾಗಗಳಿಗೆ ಹಿತ್ತಾಳೆ ಕೇಳಿದ್ದಾರೆ. ಪ್ರತಿಯಾಗಿ ನನ್ನ ಲೇತಿಗೆ ಹೊಂದುವ, ದುಂಡು ಸರಳನ್ನು ಬಿಗಿಹಿಡಿಯುವ 3ಸಿ ಕಾಲೆಟ್‌ಗಳನ್ನು ಕಳಿಸಲು ಒಪ್ಪಿದ್ದಾರೆ. ಕಂಚಿನ ತುಂಡುಗಳ ತುದಿಗೆ ಸಂಖ್ಯೆ ಹೊಡೆದಾಗಿದೆ, ಹಿತ್ತಾಳೆಗೆ ಹೊಡೆಯುವುದಿದೆ; ಶನಿವಾರ ಅಂಚೆ ಕಚೇರಿ ಮುಚ್ಚುವುದರೊಳಗೆ ಕೊಟ್ಟು ಬರುತ್ತೇನೆ.