ಕಕ್ಕಡದ ಸೊಪ್ಪು, ತೋಡಿನ ಕರೆಂಟು

ಆಗಸ್ಟ್ 3, ಕಕ್ಕಡ ಪದಿನೆಟ್ಟ್, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಕೊಡಗಿನ ನಾಪೋಕ್ಲು ಕಡೆಯ ನಮ್ಮೂರಿನ ಭವನದಲ್ಲಿ ಹೆಂಗಸರೆಲ್ಲ ಸೇರಿ ಅಡುಗೆ ಹಬ್ಬ ಇಟ್ಟುಕೊಂಡಿದ್ದೆವು. ಸೊಪ್ಪು, ಅಕ್ಕಿ, ಕಣಿಲೆ (ಎಳೆ ಬಿದಿರು) ಎಲ್ಲ ನಮ್ಮ ಗದ್ದೆ ತೋಟದ್ದೇ ಆಗಬೇಕು, ಒಲೆಗೆ ಸಿಲಿಂಡರ್ ಬೇಡ, ಬೆಳಕಿಗೆ ಡೀಸೆಲ್ ಜನರೇಟರ್ ಬೇಡ ಎಂದು ಮೊದಲೇ ಮಾತಾಗಿತ್ತು.

ಕರೆಂಟ್ ಹೋಗಿ ಮೂರು ದಿನವಾಗಿತ್ತು. ಒಂದು ಸಿಲ್ವರ್ ಮರ ಲೈನ್ ಮೇಲೆ ಬಿದ್ದರೆ ಮಳೆಗಾಲದಲ್ಲಿ ನಮ್ಮ ಗತಿ ಇಷ್ಟೇ. ಭವನದ ಸೋಲಾರ್ ಬ್ಯಾಟರಿಯೂ ಖಾಲಿ. ವಾರದಿಂದ ಬಿಸಿಲೇ ಕಾಣದಿದ್ದರೆ ಅದಾದರೂ ಏನು ಮಾಡೀತು?

ಬೆಳಕು ಕೊಟ್ಟದ್ದು ಪಕ್ಕದ ತೋಟದ ತೋಡು, ಅಂದರೆ ಸಣ್ಣ ಹಳ್ಳ. 20 ಮೀಟರ್ ಎತ್ತರದಿಂದ ಪೈಪಿನಲ್ಲಿ ಇಳಿಯುವ ನೀರು ಅಲ್ಲೊಂದು ಸಣ್ಣ ಟರ್ಬೈನ್ ತಿರುಗಿಸುತ್ತದೆ. ಸೆಕೆಂಡಿಗೆ 10 ಲೀಟರ್ ಬಿದ್ದರೆ ಲೆಕ್ಕಕ್ಕೆ ಸುಮಾರು 2 ಕಿಲೋವ್ಯಾಟ್. ಕೈಗೆ ಸಿಗುವುದು ಅದರ ಅರ್ಧ. ನಮ್ಮ ಹದಿನೈದು ಬಲ್ಬು, ಒಂದು ಮಿಕ್ಸಿಗೆ ಅಷ್ಟು ಸಾಕು. ಕಾಯಿ ಅರೆಯಲು ಮಿಕ್ಸಿ ಹಾಕಿದಾಗಲೆಲ್ಲ ಬಲ್ಬುಗಳು ಒಮ್ಮೆ ಮಂಕಾಗಿ ಮತ್ತೆ ಬೆಳಗುತ್ತಿದ್ದವು.

ಬೈಂಬಳೆ ಕರಿಗೆ ಕಣಿಲೆಯನ್ನು ಎರಡು ದಿನ ನೀರು ಬದಲಿಸಿ ನೆನೆಸಿದ್ದಾಗಿತ್ತು. ಆವಿಯಲ್ಲಿ ಬೇಯಿಸುವ ಉಂಡೆ ಕಡಂಬುಟ್ಟಿಗೆ ಅಕ್ಕಿ ತರಿ ಸಿದ್ಧವಿತ್ತು. ಮದ್ದುಸೊಪ್ಪಿನ ಪಾಯಸ ಮಾತ್ರ ನನ್ನ ಪಾಲಿನದು. ಅದನ್ನು ಮನೆಯಲ್ಲೇ, ಗೋಬರ್ ಗ್ಯಾಸ್‌ನಲ್ಲಿ ಮಾಡಿದೆ. ನಮ್ಮದು 2 ಘನ ಮೀಟರಿನ ಗುಂಡಿ, ದಿನಕ್ಕೆ 50 ಕೆ.ಜಿ. ಸಗಣಿ, ಅಷ್ಟೇ ನೀರು ಬೇಕು. ಚಳಿ ಹಿಡಿದರೆ ಗ್ಯಾಸ್ ಕಡಿಮೆ, ಉರಿ ಸಣ್ಣದು. ಆದರೆ ಈ ಸೊಪ್ಪಿಗೆ ಸಣ್ಣ ಉರಿಯೇ ಹಿತ. ಎಲೆ ಬೇಯುತ್ತಾ ನೀರು ಮೊದಲು ತಿಳಿ ನೇರಳೆ, ಆಮೇಲೆ ಕಡು ನೇರಳೆಗೆ ತಿರುಗುತ್ತದೆ. ಆ ಘಮ ಕೋಣೆ ದಾಟಿ ಅಂಗಳಕ್ಕೂ ಬರುತ್ತದೆ. ಆ ನೀರಿನಲ್ಲೇ ಅಕ್ಕಿ ಬೇಯಿಸಿ, ಬೆಲ್ಲ, ಕಾಯಿಹಾಲು ಹಾಕಿದೆ. ಕಕ್ಕಡದ ಹದಿನೆಂಟನೇ ದಿನ ಈ ಎಲೆಯಲ್ಲಿ ಹದಿನೆಂಟು ಬಗೆಯ ಔಷಧ ಸೇರಿರುತ್ತದೆ ಎಂಬುದು ನಮ್ಮ ಹಿರಿಯರ ನಂಬಿಕೆ. ನನ್ನ ಅತ್ತೆಗೆ ಅದರಲ್ಲಿ ಎಳ್ಳಷ್ಟೂ ಸಂಶಯವಿಲ್ಲ, ಈಗ ನನಗೂ ಇಲ್ಲ.

ಇನ್ನೇನು ಬಡಿಸಬೇಕು ಅನ್ನುವಾಗ ಭವನದ ದೀಪಗಳು ಕುಂದುತ್ತಾ ಬಂದು ಆರಿಯೇ ಹೋದವು. "ಪೈಪಿನ ಬಾಯಿಗೆ ತರಗೆಲೆ ಕಟ್ಟಿಕೊಂಡಿರಬೇಕು ಅತ್ತೆ, ನಾವು ನೋಡ್ತೇವೆ" ಎಂದು ಇಬ್ಬರು ಹುಡುಗರು ಆ ಮಳೆಯಲ್ಲೇ ಓಡಿದರು. ನಾವು ಕತ್ತಲಲ್ಲಿ ತೋಡಿನ ಸದ್ದು ಕೇಳುತ್ತಾ ಕೂತೆವು. ಸ್ವಲ್ಪ ಹೊತ್ತಿಗೆ ಬಲ್ಬುಗಳು ಕೆಂಪಗೆ ಮಿನುಗಿ, ಆಮೇಲೆ ಬೆಳ್ಳಗಾದವು.

ಹುಡುಗರು ಬಾಗಿಲಲ್ಲೇ ನಿಂತು ಕಾಲಿನ ಜಿಗಣೆಗೆ ಉಪ್ಪು ಹಾಕಿ ಕಿತ್ತರು. ಮೊದಲ ಬಟ್ಟಲು ಪಾಯಸ ಅವರಿಗೇ ಕೊಟ್ಟೆವು.