ಲಜ್ಜಾಗೌರಿಯ ಮುಂದೆ ಅವ್ವ

ಬಾಗಲಕೋಟೆಯಲ್ಲಿ ಬಸ್ ಹತ್ತುವಾಗಲೇ ಅವ್ವ ಬನಶಂಕರಿಯ ಧ್ಯಾನದಲ್ಲಿದ್ದಳು. ನಾನು ಮಾತ್ರ ಮೊದಲು ಬಾದಾಮಿಯ ವಸ್ತುಸಂಗ್ರಹಾಲಯ, ಆಮೇಲೆ ಗುಡಿ ಎಂದು ಹಟ ಹಿಡಿದೆ. ಹೋದ ಸಲ ಶುಕ್ರವಾರ ಬಂದು ಬೀಗ ನೋಡಿ ಹಿಂತಿರುಗಿದ್ದೆ, ಅಂದು ಅಲ್ಲಿ ವಾರದ ರಜೆ. ಅದಕ್ಕೂ ಮೊದಲು ಒಳಗೆ ಕಾಲಿಟ್ಟದ್ದು ಒಂಬತ್ತನೆಯ ತರಗತಿಯ ಪ್ರವಾಸದಲ್ಲಿ. ಬಸಿರು ಕರುಣಿಸುವ ದೇವಿ ಲಜ್ಜಾಗೌರಿಯ ಬೆತ್ತಲೆ ಮೂರ್ತಿಯ ಎದುರು ಹುಡುಗರು ಕಿಸಕ್ಕೆಂದರು, ಮಾಸ್ತರರು 'ನಡೆಯಿರಿ, ನಡೆಯಿರಿ' ಎಂದು ಅವಸರಪಡಿಸಿದರು. ಹುಡುಗಿಯರೆಲ್ಲ ನೆಲ ನೋಡುತ್ತ ದಾಟಿದೆವು. ಅಂದು ಕಣ್ಣೆತ್ತಲಿಲ್ಲವಲ್ಲ ಎಂಬ ಕೊರಗು ಇಷ್ಟು ವರ್ಷವೂ ಹೋಗಿರಲಿಲ್ಲ.

ಓಣಿಗಳನ್ನು ದಾಟಿದರೆ ಅಗಸ್ತ್ಯ ತೀರ್ಥ. ಮೆಟ್ಟಿಲ ಮೇಲೆ ಬಟ್ಟೆ ಒಗೆಯುವ ಸದ್ದು ಕೆಂಪು ಬಂಡೆಗಳಿಗೆ ಬಡಿದು ಮರಳಿ ಬರುತ್ತದೆ. ಆಚೆ ದಡದ ಬೆಟ್ಟದಲ್ಲಿ ಗುಹಾಲಯಗಳು. ಈಚೆ, ಕ್ರಿ.ಶ. 543ರಲ್ಲಿ ಒಂದನೆಯ ಪುಲಕೇಶಿ ಕೋಟೆಯಾಗಿಸಿದ ಬೆಟ್ಟದ ಬುಡದಲ್ಲಿ ವಸ್ತುಸಂಗ್ರಹಾಲಯ.

ಅಲ್ಲಿಯ ಮಕರ ತೋರಣದ ಮುಂದೆ ಅವ್ವ ಹೆಚ್ಚು ಹೊತ್ತು ನಿಲ್ಲಲಿಲ್ಲ. ಲಜ್ಜಾಗೌರಿಯ ಬಳಿ ಬಂದಾಗ ನನಗೇ ಅಳುಕು, ಅವ್ವ ಏನೆಂದುಕೊಳ್ಳುತ್ತಾಳೋ ಎಂದು. ಹೆರಿಗೆಗೆ ಕುಳಿತವಳಂತೆ ಕಾಲು ಮಡಚಿ ಅಗಲಿಸಿದ ದೇಹ, ಕೊರಳಲ್ಲಿ ಹಾರ. ತಲೆ ಇರಬೇಕಾದಲ್ಲಿ ಅರಳಿದ ಕಮಲ. ಬೆತ್ತಲೆ ನಿಜ, ಆದರೆ ಮೈಯಲ್ಲಿ ಎಲ್ಲಿಯೂ ಸಂಕೋಚವಿಲ್ಲ. ಹೊಟ್ಟೆಯ ಆ ನುಣುಪನ್ನು ಕಲ್ಲಿನಲ್ಲಿ ತಂದವನು ಬಸಿರನ್ನು ಭಕ್ತಿಯಿಂದ ನೋಡಿದವನೇ ಇರಬೇಕು.

ಅವ್ವ ಚಪ್ಪಲಿ ಕಳಚಿ ಬದಿಗಿಟ್ಟಳು. ಇಳಕಲ್ ಸೀರೆಯ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ಇವಳು ನಮ್ಮ ಸಿದ್ದನಕೊಳ್ಳದ ತಾಯಿ ಅಲ್ಲವೇ?"

ಐಹೊಳೆಯ ಹತ್ತಿರದ ಸಿದ್ದನಕೊಳ್ಳದಲ್ಲಿ ಲಜ್ಜಾಗೌರಿಗೆ ಇಂದಿಗೂ ಪೂಜೆಯಿದೆ, ಮಕ್ಕಳಿಲ್ಲದವರು ಹರಕೆ ಹೊರುತ್ತಾರೆ. ಮದುವೆಯಾಗಿ ಏಳು ವರ್ಷ ಮಡಿಲು ತುಂಬದಿದ್ದಾಗ ಅವ್ವನೂ ಹೊತ್ತಿದ್ದಳಂತೆ. "ಆಮೇಲೆ ನೀನು ಹುಟ್ಟಿದೆ" ಎಂದಳು. ಈ ಮಾತು ನನಗೆ ಇದುವರೆಗೂ ತಿಳಿದಿರಲಿಲ್ಲ. ಯಾರೆದುರು ನಾನು ಅಂದು ತಲೆ ತಗ್ಗಿಸಿದ್ದೆ!

ಈ ಮೂರ್ತಿ ಸಿಕ್ಕಿದ್ದು ಬಾದಾಮಿಯ ಸಮೀಪದ ನಾಗನಾಥಕೊಳ್ಳದಲ್ಲಿ. ನಮ್ಮ ಕಲ್ಲುಗಳು ಎಲ್ಲೆಲ್ಲಿಗೋ ಹೋಗಿವೆ. ಚಾಲುಕ್ಯ ದೊರೆ ಮಂಗಳೇಶನ ಶಾಸನವಿರುವ ಮಹಾಕೂಟದ ಕಂಬ ವಿಜಯಪುರದ ಗೋಳಗುಮ್ಮಟದ ವಸ್ತುಸಂಗ್ರಹಾಲಯದಲ್ಲಿದೆ, ಐಹೊಳೆಯ ಹುಚ್ಚಪ್ಪಯ್ಯನ ಗುಡಿಯ ಛಾವಣಿಯಲ್ಲಿದ್ದ ಬ್ರಹ್ಮ ಮುಂಬೈ ಸೇರಿದ್ದಾನೆ. ಇವಳಾದರೂ ತವರಿನ ಹತ್ತಿರವೇ ಉಳಿದಳು. ನನಗೆ ಅದೇ ದೊಡ್ಡ ಸಮಾಧಾನ.

ಅವ್ವ ಮುಡಿಯಿಂದ ಸೇವಂತಿಗೆ ತೆಗೆದು ಕಾವಲುಗಾರರ ಮುಖ ನೋಡಿದಳು. ಅವರು ಮೆಲ್ಲಗೆ ಬೇಡವೆಂದರು. ಹೂವನ್ನು ಅವಳು ಮತ್ತೆ ಮುಡಿಯಲಿಲ್ಲ, ಕರವಸ್ತ್ರದಲ್ಲಿ ಸುತ್ತಿ ಹಿಡಿದುಕೊಂಡಳು. ಹೊರಗೆ ಬಂದವಳೇ ಸಿದ್ದನಕೊಳ್ಳಕ್ಕೆ ಹೋಗಲು ಬಸ್ ಎಷ್ಟು ಹೊತ್ತಿಗೆ ಎಂದು ವಿಚಾರಿಸತೊಡಗಿದಳು.