ಮಾರ್ಗರೇಟಮ್ಮನ ಗುಡಿಯ ಹೂವು

ಎಡಿನ್‌ಬರೋ ಕೋಟೆಯೊಳಗೆ ಸಂತ ಮಾರ್ಗರೇಟಮ್ಮನ ಗುಡಿ ಇದೆ. ಇಡೀ ಊರಿನಲ್ಲಿ ಇದಕ್ಕಿಂತ ಹಳೆಯ ಕಟ್ಟಡ ಇಲ್ಲ. ಸ್ಕಾಟ್ಲೆಂಡಿನ ರಾಣಿಯಾಗಿದ್ದ ಆ ತಾಯಿಯ ನೆನಪಿಗೆ ಮಗ, ಒಂದನೇ ಡೇವಿಡ್ ದೊರೆ, 12ನೇ ಶತಮಾನದಲ್ಲಿ ಕಟ್ಟಿಸಿದ್ದು. ಹೊರಗಿನಿಂದ ನೋಡಿದರೆ ತೀರಾ ಸಾದಾ. ಒಳಗೂ ಅಷ್ಟೇ, ಒಂದು ಬಸ್ಸಿನ ಜನ ಒಟ್ಟಿಗೆ ಹೊಕ್ಕರೆ ಉಸಿರಾಡಲು ಜಾಗ ಇರುವುದಿಲ್ಲ.

ಗೈಡ್ ನಮ್ಮನ್ನು ಬೆಳಿಗ್ಗೆ ಮೊದಲು ಊರ ಹೊರಗಿನ ರಾಸ್ಲಿನ್ ಚಾಪೆಲ್ ಎಂಬ ಹಳೆಯ ಚರ್ಚಿಗೆ ಕರೆದುಕೊಂಡು ಹೋಗಿದ್ದರು. 1446ರಲ್ಲಿ ವಿಲಿಯಂ ಸಿಂಕ್ಲೇರ್ ಶುರುಮಾಡಿಸಿದ್ದು. ಕತ್ತೆತ್ತಿದರೆ ಚಾವಣಿ ತುಂಬ ಕಲ್ಲಿನ ಹೂಗಳು. ಡೇಸಿ, ಲಿಲಿ, ಗುಲಾಬಿ, ಒಂದು ಅಂಕಣದಲ್ಲಿ ಬರೀ ನಕ್ಷತ್ರಗಳು. ಆ ಕೈಗಳಿಗೆ ಎಷ್ಟು ಭಕ್ತಿ ಇದ್ದಿರಬೇಕು! ಆದರೆ ಅಲ್ಲಿ ನಿಧಿ ಇದೆ ಅಂತ ಒಂದು ಕಥೆ; ಬಂದವರೆಲ್ಲ ಅದನ್ನು ಎಲ್ಲಿ ಬಚ್ಚಿಟ್ಟಿದ್ದಾರೆ ಅಂತ ಕೇಳುವುದರಲ್ಲೇ ಇದ್ದರು. ಅಲ್ಲಿ ಈಗಲೂ ಭಾನುವಾರ ಆರಾಧನೆ ನಡೆಯುತ್ತದೆ. ಅದನ್ನು ಒಬ್ಬರೂ ಕೇಳಲಿಲ್ಲ. ನನಗೆ ಬೇಜಾರಾಯಿತು.

ಮಧ್ಯಾಹ್ನ ರಾಯಲ್ ಮೈಲ್ ಎಂಬ ಹಳೆಯ ಬೀದಿ, ಸೇಂಟ್ ಜೈಲ್ಸ್ ಚರ್ಚು ಎಲ್ಲ ನೋಡಿಕೊಂಡು ಕೋಟೆ ಹತ್ತಿದೆವು. ಮಾರ್ಗರೇಟಮ್ಮನ ಗುಡಿಯಲ್ಲಿ ಹೂ ಇತ್ತು. ನಿಜವಾದ ಹೂ. ಎಸಳಿನ ಅಂಚಿನಲ್ಲಿ ಇನ್ನೂ ನೀರಿನ ಹನಿ. ಸ್ಕಾಟ್ಲೆಂಡಿನಲ್ಲಿ ಮಾರ್ಗರೇಟ್ ಅಂತ ಹೆಸರಿರುವ ಹೆಂಗಸರು ಸಂಘ ಕಟ್ಟಿಕೊಂಡು, ಸರದಿ ಹಾಕಿಕೊಂಡು, ವಾರವಾರ ಇಲ್ಲಿ ಹೂ ಇಡುತ್ತಾರಂತೆ. ಗೈಡ್ ಒಂದೇ ಮಾತಿನಲ್ಲಿ ಹೇಳಿ ಮುಂದೆ ಹೋದರು. ನನ್ನ ಕಾಲು ಅಲ್ಲೇ ನಿಂತಿತು.

ಮೂಸಿ ನೋಡೋಣ ಅಂತ ಬಗ್ಗಿದವಳು ಉಸಿರು ಹಿಡಿದೆ. ಅಜ್ಜಿ ನೆನಪಾದರು. ನಮ್ಮೂರಿನ ಚರ್ಚಿನ ಪೀಠಕ್ಕೆ ಶನಿವಾರ ಸಂಜೆ ಹೂ ಇಡುತ್ತಿದ್ದವರು ಅವರೇ. ಹುಣಸೆಹಣ್ಣು ಹಾಕಿ ಹಿತ್ತಾಳೆ ಹೂದಾನಿ ತಿಕ್ಕುತ್ತಿದ್ದರು. ಸುಗಂಧರಾಜದ ಕಡ್ಡಿಯ ಕೆಳಗಿನ ಎಲೆ ಕಿತ್ತು, ತುದಿ ಓರೆಯಾಗಿ ಕತ್ತರಿಸಿ, ಒಂದೊಂದೇ ಸಿಕ್ಕಿಸುತ್ತಿದ್ದರು. ನಾನು ಮೂಗು ಹತ್ತಿರ ತಂದರೆ ಗದರುತ್ತಿದ್ದರು: "ಮೂಸಬೇಡ ಮಗಾ. ಮೊದಲು ಅದು ದೇವರಿಗೆ." ಜ್ವರ ಇದ್ದರೂ ಶನಿವಾರ ತಪ್ಪಿಸಿದವರಲ್ಲ. ಆ ಹುಣಸೆಹುಳಿ, ಆ ಸುಗಂಧರಾಜ, ಎರಡೂ ಸೇರಿದ ವಾಸನೆ ಆ ಚಳಿ ಊರಿನ ಕಲ್ಲುಗೋಡೆಯ ನಡುವೆ ನನ್ನ ಮೂಗಿಗೆ ಬಂತು. ಕಣ್ಣು ತುಂಬಿತು.

ಈ ಗುಡಿಗೂ ಕಷ್ಟಕಾಲ ಬಂದಿತ್ತು. 16ನೇ ಶತಮಾನದಿಂದ ಇಲ್ಲಿ ಮದ್ದುಗುಂಡಿನ ಪುಡಿ ತುಂಬಿಸಿಟ್ಟಿದ್ದರು. ಇದು ಪ್ರಾರ್ಥನೆಯ ಜಾಗ ಅನ್ನುವುದೇ ಜನಕ್ಕೆ ಮರೆತುಹೋಗಿತ್ತು. 1845ರಲ್ಲಿ ಡೇನಿಯಲ್ ವಿಲ್ಸನ್ ಎಂಬ ವಿದ್ವಾಂಸರು ಗುರುತಿಸಿದ ಮೇಲೆ ಮತ್ತೆ ಬೆಳಕಿಗೆ ಬಂತು. ಈಗ ಇಲ್ಲಿ ಮದುವೆ, ದೀಕ್ಷಾಸ್ನಾನ ನಡೆಯುತ್ತವೆ.

ಮಾರ್ಗರೇಟಮ್ಮನೂ ಕೈಯಿಂದ ಸೇವೆ ಮಾಡಿದವರೇ. ಅವರನ್ನು ಹತ್ತಿರದಿಂದ ಬಲ್ಲ ಟರ್ಗಾಟ್ ಗುರುಗಳು ಬರೆದಿಟ್ಟಿದ್ದಾರೆ: ಬೆಳಿಗ್ಗೆ ಒಂಬತ್ತು ಅನಾಥ ಕೂಸುಗಳನ್ನು ತರಿಸಿಕೊಂಡು, ತಾವೇ ಮಂಡಿಯೂರಿ, ತಾವು ಉಣ್ಣುವ ಚಮಚದಿಂದಲೇ ಅವಕ್ಕೆ ತಿನ್ನಿಸುತ್ತಿದ್ದರಂತೆ. ರಾಣಿ! ಅರಮನೆಯಲ್ಲಿ ಆಳುಗಳಿರಲಿಲ್ಲವೇ? 1093ರಲ್ಲಿ ಗಂಡ, ಹಿರಿಮಗ ಇಬ್ಬರೂ ಯುದ್ಧದಲ್ಲಿ ಸತ್ತರು. ಸುದ್ದಿ ಬಂದಾಗ ಅವರು ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದರು. ದೇವರನ್ನು ಸ್ತುತಿಸುತ್ತಲೇ ಪ್ರಾಣ ಬಿಟ್ಟರು. 1250ರಲ್ಲಿ ಅವರನ್ನು ಸಂತರೆಂದು ಸಾರಲಾಯಿತು.

ಒಂದು ಮಾತು ಹೇಳಲೇಬೇಕು. ಈಗ ನಮ್ಮ ಎಷ್ಟೋ ಚರ್ಚುಗಳ ಪೀಠದ ಮೇಲೆ ಪ್ಲಾಸ್ಟಿಕ್ ಹೂ ಕೂತಿದೆ. ಊರಹಬ್ಬ ಬಂದಾಗ ಧೂಳು ಒರೆಸುತ್ತಾರೆ, ಅಷ್ಟೇ. ಯಾರಿಗೂ ಪುರುಸೊತ್ತಿಲ್ಲ ಅಂತೀವಿ. ಹಿತ್ತಲಲ್ಲಿ ದಾಸವಾಳ ಬಿಟ್ಟು ಉದುರುತ್ತಿರುತ್ತದೆ, ಅಲ್ವಾ? ಹೂವಿಗೆ ದುಡ್ಡು ಜಾಸ್ತಿ ಬೇಕಿಲ್ಲ. ಎದ್ದು ಹೋಗಿ ಇಡುವ ಒಬ್ಬರು ಬೇಕು.

ಮಾರ್ಗರೇಟಮ್ಮನ ಹಬ್ಬ ನವೆಂಬರ್ 16ಕ್ಕೆ. ನಮ್ಮ ಕಡೆ ಸೇವಂತಿಗೆ ಸಿಗುವ ಕಾಲ. ಆ ವಾರದ ಹೂ ನಮ್ಮ ಮನೆಯದು ಅಂತ ಗುರುಗಳಿಗೆ ಹೇಳಿದ್ದೇನೆ. ಅದರ ಮುಂದಿನ ವಾರಕ್ಕೆ ಪಕ್ಕದ ಮನೆಯ ಅಕ್ಕ ಒಪ್ಪಿದ್ದಾರೆ. ಡಿಸೆಂಬರಿಗೆ ಇನ್ನೂ ಹೆಸರು ಬೇಕು.